ಸ್ಟುಡಿಯೋದ ಅಣ್ಣ ಅರ್ಧ ತುಂಬಿದ ಡಿಸ್ಕು ಕೊಡಲಿಲ್ಲ

ಭಾಗ್ಯಾ, ಮಲ್ಲೂ, ಮೊದಲು ಆ ಕಿರುಬೆರಳಿನ ಸಂಗತಿ ಹೇಳುತ್ತೇನೆ. ಸಿಂದಗಿಯ ಸ್ಟುಡಿಯೋದ ಅಣ್ಣನ ಬಲಗೈ ಕಿರುಬೆರಳು ಉಳಿದ ಬೆರಳುಗಳ ಹಾಗಿರಲಿಲ್ಲ. ತುದಿ ಒಂದು ಕಡೆ ವಾಲಿತ್ತು. ಒಳಬದಿಗೆ ಎತ್ತಿನ ಹೆಗಲಿನಂತೆ ಜಡ್ಡು ಕಟ್ಟಿತ್ತು. ವಿಡಿಯೋ ಕ್ಯಾಸೆಟ್ಟಿಗೆ ಹಲ್ಲು ಹಲ್ಲಾಗಿ ಕೊರೆದ ಎರಡು ತೂತು ಇರುತ್ತಿದ್ದವು. ಒಳಗಿನ ಕರಿ ಪಟ್ಟಿ ಸಡಿಲಾದರೆ ಅಲ್ಲಿ ಏನಾದರೂ ತೂರಿಸಿ ತಿರುಗಿಸಿ ಬಿಗಿ ಮಾಡಬೇಕಾಗಿತ್ತು. ಬೇರೆ ಸ್ಟುಡಿಯೋದವರು ಪೆನ್ನೋ ಕಟ್ಟಿಗೆ ತುಂಡೋ ಹಾಕುತ್ತಿದ್ದರಂತೆ. ಈ ಅಣ್ಣನದು ಕಿರುಬೆರಳೇ. “ಪೆನ್ನಿಗಿ ಬಿಗಿ ತಿಳಿಯೂದಿಲ್ಲ ತಂಗೀ, ಬೆರಳಿಗಿ ತಿಳೀತೈತಿ” ಅನ್ನುತ್ತಿದ್ದರು. ಇಪ್ಪತ್ತು ವರ್ಷ ಹಾಗೆ ತಿರುಗಿಸಿ ತಿರುಗಿಸಿ ಬೆರಳೇ ಹಾಗಾಗಿತ್ತು.

ನೀವು ಅವರನ್ನು ನೋಡಿಲ್ಲ. ನೋಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಾನು ಕನ್ನೊಳ್ಳಿ ಸಾಲಿಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು. ನಾಲ್ಕು ಮಂದಿ ಕೂತಲ್ಲಿ ನನಗೆ ಮಾತು ಬರುವುದಿಲ್ಲ, ಬರೆಯುವುದಾದರೂ ಬಂದೀತು ಎಂದು ಕೂತಿದ್ದೇನೆ. ಅದೂ ಒಂದೇ ಸಲಕ್ಕೆ ಆಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಏಳುತ್ತೇನೆ, ಬಾಗಿಲ ತನಕ ಹೋಗಿ ಬರುತ್ತೇನೆ. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಒಂದು ಕಡೆ ಕೂರಲಾಗುವುದಿಲ್ಲ.

ನಿಮ್ಮ ಅವ್ವನ ಮದುವೆ ಮುದ್ದೇಬಿಹಾಳಕ್ಕೆ ಗೊತ್ತಾಗಿತ್ತು. ಅವಳ ತಲೆಯ ಮೇಲೆ ಅಕ್ಕಿಕಾಳು ಬೀಳಲು ಇಪ್ಪತ್ತೆರಡು ದಿನ ಉಳಿದಿತ್ತು. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತವಳು ತಲೆ ಎತ್ತದೆ ಕೇಳಿದಳು.

“ಅವ್ವಾ, ಅಪ್ಪ ಹ್ಯಾಂಗ ನಡೀತಿದ್ದ?”

“ಗ್ವಾಡಿ ಮ್ಯಾಲ ಫೋಟೋ ಐತೆಲ್ಲ” ಅಂದೆ.

“ಫೋಟೋದಾಗ ಕುಂತಾನ. ನಡಿಯೂದು ಹ್ಯಾಂಗಿತ್ತು ಅಂತ ಕೇಳಾಕತ್ತೇನಿ.”

ನಾನು ಎದ್ದು ನಿಂತೆ, ತೋರಿಸೋಣ ಎಂದು. ಎರಡು ಹೆಜ್ಜೆ ಇಟ್ಟೆ. ನಾಚಿಕೆಯಾಗಿ ಕೂತುಬಿಟ್ಟೆ. ಅವಳು ಮೊರದ ಕಡೆ ನೋಡುತ್ತ ಜೋಳ ಕೇರಿದಳು. ನಿಮ್ಮ ಅಜ್ಜ ಕಾಮಾಲೆಯಾಗಿ ಹೋದಾಗ ಅವಳು ಎಂಟು ತಿಂಗಳ ಕೂಸು. ತಂದೆಯ ನಡಿಗೆ ಕೂಡ ಕಾಣದೆ ಗಂಡನ ಮನೆಗೆ ಹೋಗುತ್ತಾಳೆ ಎನ್ನುವುದು ಆವತ್ತು ನನ್ನ ಎದೆಗೆ ಮುಳ್ಳಿನ ಹಾಗೆ ನಟ್ಟಿತು.

ಆಗ ನೆನಪಾಯಿತು. ಅವರು ಹೋಗುವ ಮೂರು ತಿಂಗಳ ಮೊದಲು ಇಂಡಿ ಊರಿನಲ್ಲಿ ನನ್ನ ನಾದಿನಿಯ ಮದುವೆಯಾಗಿತ್ತು. ಬೀಗರು ಸೊಲ್ಲಾಪುರದಿಂದ ವಿಡಿಯೋದವರನ್ನು ಕರೆಸಿದ್ದರು. ನಿಮ್ಮ ಅಜ್ಜ ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದಾಗ ಕ್ಯಾಮೆರಾ ಅವರ ಮುಂದೆ ಹೋಗಿದ್ದನ್ನು ನಾನು ಅಡುಗೆಯ ಕಡೆಯಿಂದ ಕಂಡಿದ್ದೆ. ಇನ್ನೊಂದೂ ಇತ್ತು. ಮರುದಿನ ಚಪ್ಪರದ ಬದಿಗೆ ಅವರು ಕೂಸನ್ನು ಎತ್ತಿಕೊಂಡು ನಿಂತಿದ್ದರು, ಪಕ್ಕಕ್ಕೆ ನಾನಿದ್ದೆ. ಕ್ಯಾಮೆರಾದವನು ನಮ್ಮತ್ತ ತಿರುಗಿದ. “ಇಕೀದೂ ತಗೀರಿ, ನಮ್ಮ ಕೂಸಿಂದೂ ತಗೀರಿ” ಎಂದು ಇವರು ಅಂದರು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಅವನು ತೆಗೆದನೋ ಬಿಟ್ಟನೋ ನನಗೆ ಕಾಣಲಿಲ್ಲ.

ಆ ಕ್ಯಾಸೆಟ್ಟನ್ನು ಹದಿನೆಂಟು ವರ್ಷ ನಾನು ಕೇಳಿರಲಿಲ್ಲ. ಇಂಡಿಗೆ ಹೋಗಿ ಕೇಳಿದೆ. ನಾದಿನಿ ಟವೆಲ್ಲಿನಲ್ಲಿ ಸುತ್ತಿ ಕೈಗೆ ಕೊಟ್ಟಳು. “ವೈನೀ, ನಮ್ಮ ವಿಸಿಆರ್ ಕೆಟ್ಟು ಹತ್ತು ವರ್ಷಾತು. ಅಣ್ಣ ಅದರಾಗ ಅದಾನೋ ಅಳಿಸಿ ಹೋಗ್ಯಾನೋ ನನಗೂ ಗೊತ್ತಿಲ್ಲ” ಅಂದಳು. ಬಸ್ಸಿನಲ್ಲಿ ಬರುವಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಗಾಡಿ ಜಿಗಿದಾಗಲೆಲ್ಲ ಒಳಗೆ ಏನೋ ಅಲುಗಿದ ಸದ್ದು. ಕೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಹಳೆಯ ಕ್ಯಾಸೆಟ್ಟನ್ನು ಡಿವಿಡಿ ಮಾಡಿ ಕೊಡುತ್ತಾರೆ ಎಂದು ಸಿಂದಗಿ ಬಸ್‌ಸ್ಟ್ಯಾಂಡ್ ಹತ್ತಿರದ ಆ ಸ್ಟುಡಿಯೋದ ಬಗ್ಗೆ ಯಾರೋ ಹೇಳಿದ್ದರು. ಹೋದೆ. ಒಳಗೆ ಗಂಡಸರಿದ್ದರು, ಕಾಲು ಮುಂದೆ ಹೋಗಲಿಲ್ಲ. ಪಕ್ಕದ ಬಳೆ ಅಂಗಡಿಯ ಮುಂದೆ ಅರ್ಧ ತಾಸು ನಿಂತೆ. ಕಡೆಗೆ ಅವರೇ ಹೊರಗೆ ಬಂದರು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಬಿಳಿ ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಒಂದು ಮೆತ್ತನೆಯ ಬ್ರಷ್ಷು.

“ಯಾಕ ತಂಗೀ, ಬಿಸಲಾಗ ನಿಂತಿ? ಫೋಟೋಕ್ಕ ಅಂಜಿಕಿ ಏನು? ಬಾ, ನಾ ಹಲ್ಲ ಕೀಳೂ ಡಾಕ್ಟರ ಅಲ್ಲ.”

ಒಳಗೆ ಒಬ್ಬ ಮುದುಕರು ಪಿಂಚಣಿ ಅರ್ಜಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಅಣ್ಣ ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ. “ನಗಬ್ಯಾಡ್ರಿ ಕಾಕಾ. ಇದು ಸರಕಾರಕ್ಕ ಕೊಡೂ ಫೋಟೋ. ನಕ್ಕರ ನೀವು ಬಡವರಂತ ಅವರು ನಂಬೂದಿಲ್ಲ.” ಮುದುಕರಿಗೆ ಮತ್ತಷ್ಟು ನಗು ಬಂತು. ನನಗೂ ಬಂತು. ಅಂಜಿಕೆ ಅರ್ಧ ಇಳಿಯಿತು.

ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಅವರು ಪಟ್ಟಿಯನ್ನು ನೋಡಿದರು, ಮೂಸಿದರು. ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಮುಖ ಸಣ್ಣದಾಯಿತು.

“ಇದರಾಗ ಯಾರದಾರ?”

“ನಮ್ಮ ಮನಿಯವರು” ಅಂದೆ.

ನನ್ನ ಬರಿ ಹಣೆಯನ್ನು ಒಮ್ಮೆ ನೋಡಿದರು.  ಕಿರುಬೆರಳು ತೂರಿಸಿ ಬಹಳ ಹೊತ್ತು ಮೆಲ್ಲಗೆ ತಿರುಗಿಸಿದರು. “ಬೂಷ್ಟು ತಗೀತೇನಿ. ಆದ್ರ ಇದನ್ನ ಒಂದ ಸಲ ಓಡಸಾಕ ಧೈರ್ಯ ಐತಿ, ಎರಡನೇ ಸಲಕ್ಕ ಇಲ್ಲ. ಓಡೂ ಮುಂದನ ಕಂಪ್ಯೂಟರಿಗಿ ತಗೋತೇನಿ, ಅಲ್ಲಿಂದ ಡಿವಿಡಿಗಿ ಹಾಕ್ತೇನಿ. ನಾಕ ದಿನಾ ಬಿಟ್ಟು ಬಾ.”

ಆ ನಾಲ್ಕು ದಿನ ಹೇಗೆ ಕಳೆದವೋ. ರೊಟ್ಟಿ ಬಡಿಯುತ್ತ ಕೂತರೆ ತವೆಯ ಮೇಲಿನದು ಕರಕಾಗುತ್ತಿತ್ತು.

ಐದನೆಯ ದಿನ ಹೋದಾಗ ಡಿಸ್ಕು ತಯಾರಾಗಿತ್ತು. ಕೈ ಚಾಚಿದೆ. ಅಣ್ಣ ಕೊಡಲಿಲ್ಲ. ಕೊಡುವ ಮೊದಲು ಪ್ರತಿಯೊಂದು ಡಿಸ್ಕನ್ನೂ ಬಾಗಿಲಿಗೆ ಒಯ್ದು ಬಿಸಿಲಿಗೆ ಓರೆ ಮಾಡಿ ನೋಡುವುದು ಅವರ ಪದ್ಧತಿ. ಬರೆದ ಜಾಗ ಒಂದು ಬಣ್ಣ, ಬರೆಯದ ಜಾಗ ಒಂದು ಬಣ್ಣ ಕಾಣುತ್ತದೆ. ನಡುವಿನಿಂದ ಹೊರಟ ಕಪ್ಪು ಬಳೆ ಅರ್ಧಕ್ಕೇ ನಿಂತಿತ್ತು.

“ಅರ್ಧ ರೊಟ್ಟಿ ಬೆಂದೈತಿ, ಅರ್ಧ ಹಸಿ ಐತಿ” ಎಂದು ತಮ್ಮಷ್ಟಕ್ಕೆ ಅಂದುಕೊಂಡು ಒಳಗೆ ಹೋಗಿ ಟಿವಿಗೆ ಹಾಕಿದರು. ಊಟದ ಪಂಕ್ತಿ ಬರುವ ತನಕ ಓಡಿಸಿದರು. ಬಕೀಟು ಹಿಡಿದ ಒಬ್ಬರು ಸಾಲಿನ ನಡುವೆ ಬಿರಬಿರನೆ ಬರುತ್ತಿದ್ದರು. ಅಂಗಿಯ ಗುರುತು ಹತ್ತಿತು, ಮುಖದ್ದು ಹತ್ತಲಿಲ್ಲ. ಅವರು ಹೆಜ್ಜೆ ಇಟ್ಟ ಕೂಡಲೇ ಮುಖ ಚೌಕ ಚೌಕವಾಗಿ ಒಡೆದು ಹೋಗುತ್ತಿತ್ತು. ನಿಂತರೆ ಕೂಡಿಕೊಳ್ಳುವುದು, ಮತ್ತೆ ನಡೆದರೆ ಒಡೆಯುವುದು. ನಡೆಯುವುದನ್ನೇ ನೋಡಲು ಬಂದವಳಿಗೆ ನಡೆಯುವಾಗಲೇ ಅವರು ಕಾಣುತ್ತಿರಲಿಲ್ಲ.

ಆದರೂ ನಾನು, “ಇರ್ಲಿ ಬಿಡ್ರಿ ಅಣ್ಣಾರ, ಇಷ್ಟ ಸಾಕು” ಅಂದೆ. ನನಗೆ ಯಾರ ಹತ್ತಿರವೂ ಇನ್ನಷ್ಟು ಕೇಳಿ ಗೊತ್ತಿರಲಿಲ್ಲ.

ಅವರಿಗೆ ಸಿಟ್ಟು ಬಂತು. “ಸಾಕು ಅನ್ನಾಕ ನಿನಗ ಬ್ಯಾಸರಿಲ್ಲ ಏನು? ಜಾಗಾ ಸಾಲದ ಚಿತ್ರ ಕೆಟ್ಟಿದ್ರ ಮಾತು ಬ್ಯಾರೆ. ಅರ್ಧ ಡಿಸ್ಕು ಖಾಲಿ ಇಟಗೊಂಡು ನಿನ್ನ ಗಂಡನ ಮಾರಿ ಉಪವಾಸ ಕೆಡವೇತಿ ಇದು. ಇದನ್ನ ನಾ ಕೊಡೂದಿಲ್ಲ.”

ಆ ಡಿಸ್ಕನ್ನು ಮೇಜಿನ ಅಡಿಗೆ ಎಸೆದರು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ಒಂದು ಡಿಸ್ಕಿನಲ್ಲಿ ಇಂತಿಷ್ಟು ಎಂದು ಜಾಗ ಇರುತ್ತದೆ. ಚಿತ್ರಕ್ಕೆ ಎಷ್ಟು ಜಾಗ ಕೊಟ್ಟರೆ ಅಷ್ಟು ನಿಚ್ಚಳ. ಹಿಚುಕಿ ಹಾಕಿದರೆ ಅಲುಗಾಡುವವರ ಮುಖ ಮೊದಲು ಕೆಡುತ್ತದೆ. ಕ್ಯಾಸೆಟ್ಟಿನ ಮೇಲೆ ಮೂರು ತಾಸು ಎಂದು ಬರೆದಿತ್ತು, ಮೂರು ತಾಸಿನ ಚಿತ್ರ ಒಂದು ಡಿಸ್ಕಿಗೆ ಸರಿಯಾಗಿ ತುಂಬುವ ಅಳತೆ ಹಾಕಿದ್ದರಂತೆ, ತುಂಬಬೇಕಿತ್ತು, ಅರ್ಧವೇ ಬಂದಿದೆ, ಉಳಿದದ್ದು ಎಲ್ಲಿ ಹೋಯಿತು? ಹಾಗಂತ ನನ್ನನ್ನೇ ಕೇಳಿದರು. 

ಮೂರು ದಿನ ಬಿಟ್ಟು ಮತ್ತೆ ಹೋದೆ. ಬೇರೆ ಕಂಪನಿಯ ಡಿಸ್ಕು ಹಾಕಿ ನೋಡಿದ್ದರು, ಅದೂ ಅರ್ಧ. ಒಂದು ಮೆಟ್ಟಿಲು ಮೇಲಿನ ಅಳತೆ ಕೊಟ್ಟರೆ ಕಂಪ್ಯೂಟರು, ಇದು ಮೂರು ತಾಸಿನ ಚಿತ್ರ, ಈ ಅಳತೆಗೆ ಡಿಸ್ಕು ಸಾಲುವುದಿಲ್ಲ ಎಂದು ಶುರುವಿಗೇ ನಿಂತುಬಿಡುತ್ತಿತ್ತಂತೆ. ಕೆಳಗಿನದು ಕೊಟ್ಟರೆ ಅರ್ಧ ಖಾಲಿ. ಒಂದು ಸಲ ಮಾಡಲು ಹಗಲೆಲ್ಲ ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. “ಇದಕ್ಕಿಂತ ಒಲಿ ಚಲೋ, ಆರಿದ್ರ ಊದಬಹುದು” ಎಂದು ಕಂಪ್ಯೂಟರಿನ ತಲೆಗೆ ಒಂದು ಕೊಟ್ಟರು.

ವಿಜಯಪುರದ ಒಬ್ಬ ವಿಡಿಯೋದವನಿಗೆ ಫೋನು ಮಾಡಿ ಕೇಳಿದ್ದರು. ಅವನು, “ಓಡ್ತೈತಿಲ್ಲೋ? ಕೊಟ್ಟು ಕಳಸು. ಹಳ್ಳಿ ಮಂದಿಗಿ ಏನ ತಿಳೀತೈತಿ?” ಅಂದನಂತೆ. ಇದನ್ನು ಅಣ್ಣ ನನ್ನ ಮುಖ ನೋಡದೆ ಹೇಳಿದರು, ತಾವೇ ಅಂದವರ ಹಾಗೆ.

ನಾನು ಕೂತಿದ್ದಾಗಲೇ ದೇವರ ಹಿಪ್ಪರಗಿಯ ಒಬ್ಬರು ಬಂದು ಕೂಗಾಡಿದರು. ಅವರ ಮನೆಯ ಮದುವೆಯ ವಿಡಿಯೋ ಇನ್ನೂ ಆಗಿರಲಿಲ್ಲ. ನನ್ನ ಚಿತ್ರವೇ ಕಂಪ್ಯೂಟರಿನಲ್ಲಿ ಜಾಗ ಹಿಡಿದು ಕೂತಿತ್ತು. ಅದನ್ನು ಅಳಿಸದೆ ಅವರದನ್ನು ಹಾಕುವಂತಿರಲಿಲ್ಲ.

“ಮದುವ್ಯಾಗಿ ತಿಂಗಳಾತು. ನಮ್ಮ ವಿಡಿಯೋ ಯಾವಾಗ ಕೊಡ್ತಿ?”

“ನಿಮ್ಮ ಮದುಮಗ ಮದುಮಗಳು ಇಬ್ಬರೂ ಮನ್ಯಾಗ ಅದಾರಿಲ್ಲರಿ? ಇನ್ನೊಂದ ಎಂಟ ದಿನಾ ಅವರನ್ನ ನೋಡ್ರಿ. ಅವರೂ ಓಡಾಡ್ತಾರ.”

ಆ ಮನುಷ್ಯ ಬೈಯುತ್ತ ಹೋದ. ನಾನು ಎದ್ದು, “ನಂದು ಅಳಿಸಿಬಿಡ್ರಿ ಅಣ್ಣಾರ, ನಿಮಗ ಯಾಕ ತ್ರಾಸು” ಅಂದೆ. “ಕುಂದ್ರು” ಅಂದರು. ಅಷ್ಟೇ.

ಮದುವೆಗೆ ಒಂಬತ್ತು ದಿನ ಉಳಿಯಿತು. ಊರಲ್ಲಿ ಶಾವಿಗೆ, ಹಪ್ಪಳ, ಸೀರೆ, ಬಳೆ ಎಂದು ಹೆಂಗಸರು ಮನೆ ತುಂಬಿದ್ದರು. ನಿಮ್ಮ ಅವ್ವ ನಾನು ಸಿಂದಗಿಗೆ ಹೋಗಿ ಬಂದಾಗಲೆಲ್ಲ ನನ್ನ ಕೈಚೀಲ ನೋಡುವಳು. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದವಳು ಹಾಗೇ ಬಿಟ್ಟು ಕೈ ತೊಳೆದು ಬಸ್ಸು ಹತ್ತಿದೆ. ಬಾ ಎಂದು ಯಾರೂ ಕರೆದಿರಲಿಲ್ಲ.

ಅಣ್ಣ ಕಂಪ್ಯೂಟರಿನ ಮುಂದೆ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದರು. ಚಹಾದ ಮೇಲೆ ಕೆನೆ ಕಟ್ಟಿತ್ತು. ನನ್ನನ್ನು ನೋಡಿ ಯಾಕೆ ಬಂದೆ ಅನ್ನಲಿಲ್ಲ. ಆಗಲೇ ನಡೆದಿದ್ದ ಮಾತನ್ನು ಮುಂದುವರಿಸಿದವರ ಹಾಗೆ ಕೇಳಿದರು.

“ನೀ ಮದುವಿ ಅಡಗಿ ಮಾಡಿಯೇನು?”

ಮಾಡಿದ್ದೆ. ಹದಿನೆಂಟು ವರ್ಷ ಮದುವೆ ಮನೆಗಳಲ್ಲಿ ನನ್ನ ಜಾಗ ಒಲೆಯ ಮುಂದೆಯೇ. ಮುಂದಿನ ಚಪ್ಪರಕ್ಕೆ ನನ್ನಂಥವರನ್ನು ಕರೆಯುತ್ತಿರಲಿಲ್ಲ.

“ಹಂಗಾರ ಹೇಳು. ನೂರು ಮಂದಿಗಿ ಅಂತ ಹುಗ್ಗಿ ಮಾಡೀದಿ. ಪಂಕ್ತಿ ಎದ್ದು ಹೋತು. ಕೊಪ್ಪರಿಗ್ಯಾಗ ಅರ್ಧ ಹುಗ್ಗಿ ಹಂಗ ಐತಿ. ಉಂಡವರು ನೋಡಿದ್ರ, ಹೊಟ್ಟಿ ತುಂಬಲಿಲ್ಲ ಅಂತಾರ. ಇದು ಹ್ಯಾಂಗ ಆಗ್ತೈತಿ?”

ನನಗೆ ಅದು ಗೊತ್ತಿದ್ದ ಸಂಗತಿ. ಕಣ್ಣಾರೆ ಕಂಡಿದ್ದೆ. “ನೂರು ಮಂದಿ ಬಂದಿರೂದಿಲ್ರಿ. ಐವತ್ತ ಮಂದಿ ಬಂದಿರ್ತಾರ. ನೀಡವರಿಗಿ ಅದು ಗೊತ್ತಿರೂದಿಲ್ಲ. ಇನ್ನ ಐವತ್ತ ಮಂದಿಗಿ ಸಾಲಬೇಕಂತ ಸಣ್ಣ ಸವಟು ಹಿಡದು ನೀಡಿರ್ತಾರ” ಅಂದೆ.

ಅಣ್ಣ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ತಿರುಗಿ ಕಂಪ್ಯೂಟರಿನಲ್ಲಿ ಚಿತ್ರವನ್ನು ಮುಂದಕ್ಕೆ ಎಳೆದರು. ಪಂಕ್ತಿ ಹೋಯಿತು, ಉಡಿ ತುಂಬುವುದು ಹೋಯಿತು, ಹೆಣ್ಣು ಕಳಿಸುವುದು ಹೋಯಿತು. ನಂತರ ಪರದೆ ನೀಲಿಯಾಯಿತು. ಇನ್ನೂ ಎಳೆದರು. ನೀಲಿ.

“ಯವ್ವಾ! ನಾ ಖಾಲಿ ಪಂಕ್ತಿಗಿ ಪಾಲು ಎತ್ತಿಟ್ಟೇನಲ್ಲ!” ಎಂದು ಹಣೆಗೆ ಹೊಡೆದುಕೊಂಡರು.

ಆಗಿದ್ದು ಇಷ್ಟು. ಕ್ಯಾಸೆಟ್ಟು ಮೂರು ತಾಸಿನದಾದರೂ ಮದುವೆ ಇದ್ದದ್ದು ಒಂದೂಮುಕ್ಕಾಲು ತಾಸು. ಉಳಿದ ಪಟ್ಟಿ ಖಾಲಿ. ಖಾಲಿ ಪಟ್ಟಿ ಬಂದರೆ ಅವರ ಯಂತ್ರ ನೀಲಿ ಬಣ್ಣ ತೋರಿಸುತ್ತಿತ್ತು. ಕ್ಯಾಸೆಟ್ಟನ್ನು ಓಡಲು ಬಿಟ್ಟು ಅವರು ಆವತ್ತು ಶೂಟಿಂಗಿಗೆ ಹೋಗಿದ್ದರು. ಕಂಪ್ಯೂಟರು ನೀಲಿಯನ್ನೂ ಚಿತ್ರವೆಂದು ಲೆಕ್ಕಕ್ಕೆ ಹಿಡಿದು ಪ್ರತಿ ನಿಮಿಷಕ್ಕೂ ಸಣ್ಣ ಸೌಟಿನಲ್ಲಿ ಜಾಗ ಹಂಚಿತ್ತು. ನೀಲಿಗೆ ಮಾತ್ರ ಜಾಗವೇ ಬೇಡ. ಒಂದೇ ಬಣ್ಣ, ಅದರಲ್ಲಿ ಹಿಡಿದಿಡುವಂಥದ್ದು ಏನೂ ಇಲ್ಲ. ಅದರ ಪಾಲು ಹಾಗೇ ಉಳಿದು ಡಿಸ್ಕು ಅರ್ಧಕ್ಕೆ ನಿಂತಿತ್ತು. ನಿಮ್ಮ ಅಜ್ಜನ ಮುಖಕ್ಕೆ ಸಿಗಬೇಕಾದದ್ದು ಸಿಕ್ಕಿರಲಿಲ್ಲ. ಮುಂದೆ ಅಂಗಡಿಗೆ ಬಂದವರಿಗೆಲ್ಲ ಅಣ್ಣ ನನ್ನತ್ತ ಕೈ ಮಾಡಿ, “ಕಂಪ್ಯೂಟರ್ ರಿಪೇರಿ ಮಾಡಿದಾಕಿ ಇಕಿ” ಅನ್ನುತ್ತಿದ್ದರು. ನಾನು ಹುಗ್ಗಿಯ ಮಾತು ಆಡಿದ್ದಷ್ಟೇ. ಉಳಿದದ್ದನ್ನು ಕಂಡವರು ಅವರು. ಆದರೆ ಹಾಗೆ ಹೇಳುವುದು ಅವರ ರೀತಿ.

“ಈ ನೀಲಿ ಕತ್ತರಿಸಿ ಒಗದ್ರ ಮುಗೀತು. ಪೂರಾ ಡಿಸ್ಕು ಮದುವಿಗೇನ” ಎಂದು ಕೈ ತಿಕ್ಕಿಕೊಂಡರು. ನನಗೆ ಖುಷಿಯಾಗಬೇಕಿತ್ತು. ಆದರೆ ಕತ್ತರಿಸುವುದು ಅಂದ ಕೂಡಲೇ ಆ ಇನ್ನೊಂದು ಚಿತ್ರ ನೆನಪಾಯಿತು. ಚಪ್ಪರದ ಬದಿಯಲ್ಲಿ ಅವರು ಕೂಸನ್ನು ಎತ್ತಿಕೊಂಡು ನಿಂತದ್ದು ಇದುವರೆಗೆ ಬಂದಿರಲಿಲ್ಲ.

“ಅಣ್ಣಾರ, ಆ ನೀಲಿ ಕಡೀತನಾ ಹಂಗ ಐತೇನ್ರಿ?”

“ಯಾಕ?”

ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಿತು. ಸೆರಗು ಎಳೆದುಕೊಂಡದ್ದನ್ನೂ ಹೇಳಿದೆ. ತಂದೆ ಮಗಳು ಒಂದೇ ಕಡೆ ಇರುವ ಚಿತ್ರ ಈ ಲೋಕದಲ್ಲಿ ಇದ್ದರೆ ಅದೊಂದೇ ಎಂದೆ. ಅಣ್ಣ ನೀಲಿಯನ್ನು ನೋಡಿದರು, ಗಡಿಯಾರ ನೋಡಿದರು.

“ನಾಳಿ ಮುಂಜಾನಿ ಹನ್ನೊಂದಕ್ಕ ಬಾ. ಆ ವ್ಯಾಳ್ಯಾದಾಗ ಕರೆಂಟ ಇರ್ತೈತಿ. ಕುಂತು ಕಡೀತನಾ ನೋಡೂಣು.”

ಮರುದಿನ ಹೋದಾಗ ಅವರು ಷಟರನ್ನು ಅರ್ಧ ಇಳಿಸಿದರು. ನನಗೆ ಫೋಟೋ ತೆಗೆಸಿಕೊಳ್ಳುವವರು ಕೂರುವ ಸ್ಟೂಲು ಕೊಟ್ಟರು. ತಾವು ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ನೀಲಿ ಶುರುವಾಯಿತು.

ಒಂದೂಕಾಲು ತಾಸು ನೀಲಿ ನೋಡುವುದು ಹೇಗಿರುತ್ತದೆ ಎಂದು ನಿಮಗೆ ಹೇಗೆ ಹೇಳಲಿ? ಮೊದಮೊದಲು ಕಣ್ಣು ಮಿಟುಕಿಸಲೂ ಅಂಜಿಕೆ, ಅಷ್ಟರಲ್ಲೇ ಬಂದು ಹೋದರೆ ಎಂದು. ಒಂದು ಸಲ ಅಡ್ಡ ಗೆರೆ ಹಾದುಹೋಯಿತು. ನಾನು ಎದ್ದು ನಿಂತೆ. ಏನೂ ಇಲ್ಲ. ಕೂತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದೆ, ಬಿಚ್ಚಿದೆ, ಸುತ್ತಿದೆ. ಹೊರಗೆ ಯಾರೋ ಷಟರು ಬಡಿದರು. “ಮಧ್ಯಾಹ್ನ ಬರ್ರಿ, ಒಳಗ ಮದುವಿ ನಡದೈತಿ” ಎಂದು ಅಣ್ಣ ಕೂತಲ್ಲಿಂದಲೇ ಕೂಗಿದರು. ಏನೋ ಬಂತು ಅನ್ನಿಸುವುದು, ಬಂದಿರುವುದಿಲ್ಲ. ಕಡೆಕಡೆಗೆ ನೀಲಿಯೊಳಗೆ ನಾನೇ ಬಿಳಿ ಅಂಗಿ, ಕೂಸಿನ ಕುಲಾವಿ ಎಲ್ಲ ಕಾಣತೊಡಗಿದೆ.

ನನ್ನ ಚಡಪಡಿಕೆ ನೋಡಿ ಅಣ್ಣ ಮಾತು ತೆಗೆದರು. ಅವರು ಬಸವನ ಬಾಗೇವಾಡಿಯಲ್ಲಿ ಕೆಲಸ ಕಲಿಯುವಾಗ ಒಬ್ಬ ಮುದುಕರ ಕ್ಯಾಸೆಟ್ಟು ಬಂದಿತ್ತಂತೆ. ಚಿತ್ರ ಮುಗಿಯಿತು ಎಂದು ನಡುವೆಯೇ ನಿಲ್ಲಿಸಿ, ಉಳಿದ ಪಟ್ಟಿಯ ಮೇಲೆ ಬೇರೆ ಏನೋ ತುಂಬಿಸಿದರಂತೆ. “ಆಮ್ಯಾಲ ಮುದುಕಪ್ಪ ಬಂದು ಕೇಳ್ತಾನ, ತುದ್ಯಾಗ ನನ್ನ ಹೆಂಡ್ತಿ ಎಮ್ಮಿ ಬೈಯೂದು ಇತ್ತಲ್ಲೋ, ಎಲ್ಲಿ ಹೋತು ಅಂತ. ಅಕಿ ಸತ್ತು ಎರಡ ವರ್ಷಾಗಿತ್ತು. ಎಮ್ಮಿ ಬೈಯೂದು! ಅದೊಂದ ಉಳದಿತ್ತು ಅವಗ. ನಾ ಅಳಿಸಿಬಿಟ್ಟಿದ್ದೆ. ಅಂದಿನಿಂದ ಯಾವ ಕ್ಯಾಸೆಟ್ಟೂ ನಡುವ ನಿಲ್ಲಿಸೂದಿಲ್ಲ. ಕಡೀತನಾ ಓಡಬೇಕು.”

ಅದಕ್ಕೇ ನನ್ನ ಕ್ಯಾಸೆಟ್ಟು ಮೂರು ತಾಸು ಪೂರ್ತಿ ಓಡಿತ್ತು. ಅದಕ್ಕೇ ಇಷ್ಟೆಲ್ಲ ತೊಡಕು ಆಗಿತ್ತು.

ನೀಲಿ ನಿಂತಿತು. ಕಡೆಗೆ ಬಂದಿತ್ತು.

“ಮುಗೀತು ತಂಗೀ.”

“ಹೂಂ” ಅಂದೆ. ಆಮೇಲೆ, “ನಾ ಸೆರಗು ಎಳಕೊಳ್ಳದಿದ್ರ ತಗೀತಿದ್ನೋ ಏನೋ” ಅಂದೆ. ಹದಿನೆಂಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡ ಮಾತು ಅದು.

ಅಣ್ಣ ತಲೆ ಅಲ್ಲಾಡಿಸಿದರು. “ಇಲ್ಲ. ನಮ್ಮ ಕಸಬಿನ ಒಂದು ಕೆಟ್ಟ ಚಟ ಹೇಳ್ತೇನಿ ಕೇಳು. ಮದುವ್ಯಾಗ ಎಲ್ಲಾರೂ ನಂದು ತಗಿ ನಂದು ತಗಿ ಅಂತಾರ. ಪಟ್ಟಿ, ಬ್ಯಾಟರಿ ಸಾಲೂದಿಲ್ಲ. ಬೀಗರ ಕಡಿಯವರಲ್ಲದವರಿಗಿ ಕ್ಯಾಮೆರಾ ತಿರುಗಿಸಿ ಸುಮ್ನ ತಗದಂಗ ಮಾಡ್ತೇವಿ, ಗುಂಡಿ ಒತ್ತೂದಿಲ್ಲ. ನಾನೂ ಮಾಡೇನಿ, ಸುಳ್ಳ ಯಾಕ ಹೇಳಲಿ? ನಿನ್ನ ಮಾರಿ ಕಂಡಿದ್ರೂ ಅವ ತಗೀತಿದ್ದಿಲ್ಲ. ನೆಟ್ಟಗ ಕುಂದ್ರು. ಇದರಾಗ ನಿನ್ನ ಸೆರಗಿಂದೇನೂ ತಪ್ಪಿಲ್ಲ.”

ಎದ್ದು ಹೋಗಿ ಷಟರು ಎತ್ತಿದರು. ಬಿಸಿಲು ಒಳಗೆ ಬಂತು. ನಾನು ಮುಖ ಒರೆಸಿಕೊಳ್ಳುವ ತನಕ ಬಾಗಿಲಲ್ಲೇ ಬೆನ್ನು ತಿರುಗಿಸಿ ನಿಂತಿದ್ದರು.

ಎರಡು ದಿನ ಬಿಟ್ಟು ಡಿಸ್ಕು ಸಿಕ್ಕಿತು. ಬಿಸಿಲಿಗೆ ಹಿಡಿದು ತೋರಿಸಿದರು, ಕಪ್ಪು ಬಳೆ ಅಂಚಿನ ತನಕ ಹೋಗಿತ್ತು. ಊರಲ್ಲಿ ಪಕ್ಕದ ಮನೆಯ ಟಿವಿಯಲ್ಲಿ ಹಾಕಿದೆವು. ನಿಮ್ಮ ಅವ್ವ ನೆಲಕ್ಕೆ ಕೂತಳು, ಪರದೆಗೆ ಬಹಳ ಹತ್ತಿರ.

ಅವರು ಬಂದರು. ಬಕೀಟಿನ ಭಾರಕ್ಕೆ ಒಂದು ಕಡೆ ವಾಲಿ, ಮೊಣಕಾಲು ತುಸು ಹೊರಗೆ ಹಾಕುತ್ತ, ಪತ್ರಾವಳಿ ತುಳಿಯದ ಹಾಗೆ ಜಿಗಿದು ಜಿಗಿದು ನಡೆಯುತ್ತ ಬಂದರು. ಮುಖ ಒಡೆಯಲಿಲ್ಲ. ಬೆವರು ಕೂಡ ಕಾಣುತ್ತಿತ್ತು. ಒಬ್ಬ ಹಿರಿಯರ ಮುಂದೆ ಬಾಗಿ ಹುಗ್ಗಿ ನೀಡಿದರು. ಹಿರಿಯರು ಏನೋ ಗದರಿದರು. ಇವರು ನಾಲಿಗೆ ಕಚ್ಚಿ ನಕ್ಕು, ಸೌಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

“ಅವ್ವಾ!” ಎಂದು ನಿಮ್ಮ ಅವ್ವ ಚೀರಿದಳು. “ಅಪ್ಪ ಎಡಚ!”

ನಿಮ್ಮ ಅವ್ವ ಎಡಚಿ ಎಂದು ನಿಮಗೆ ಗೊತ್ತು. ಎಡಗೈಯಲ್ಲಿ ನೀಡಿದಳು ಎಂದು ಊರಲ್ಲಿ ಬೈಸಿಕೊಂಡಿದ್ದಾಳೆ. ನಾನೇ ಕೈ ಮೇಲೆ ಹೊಡೆದಿದ್ದೇನೆ, ಗಂಡನ ಮನೆಯಲ್ಲಿ ಮರ್ಯಾದೆ ಹೋಗುತ್ತದೆ ಎಂದು. ಯಾರಿಂದ ಬಂತು ಈ ಚಾಳಿ ಎಂದು ಎಷ್ಟು ಸಲ ಅಂದಿದ್ದೆನೋ. ನಾನು ಅವರ ಜೊತೆ ಎರಡು ವರ್ಷ ಬಾಳಿದವಳು. ಅವರನ್ನು ತಲೆ ಎತ್ತಿ ನೇರ ನೋಡಿದ್ದು ಕಡಿಮೆ. ಮನೆಯಲ್ಲಿ ಹಿರಿಯರ ಅಂಜಿಕೆಗೆ ಬಲಗೈಯಲ್ಲೇ ಎಲ್ಲ ಮಾಡುತ್ತಿದ್ದರು ಎಂದು ಕಾಣುತ್ತದೆ. ಗಡಿಬಿಡಿಯಲ್ಲಿ, ಪಂಕ್ತಿಯಲ್ಲಿ, ಮೈಮರೆತಾಗ ಎಡಗೈ ಬಂದುಬಿಟ್ಟಿತ್ತು. ಮೊದಲಿನ ಡಿಸ್ಕಿನಲ್ಲಿ ಆ ಕೈ ಬರೀ ಚೌಕಗಳಾಗಿತ್ತು.

ಆ ಭಾಗವನ್ನು ಅವಳು ಹನ್ನೊಂದು ಸಲ ನೋಡಿದಳು. ಆವತ್ತು ರಾತ್ರಿಯೂಟಕ್ಕೆ ನನಗೆ ಎಡಗೈಯಲ್ಲಿ ಅನ್ನ ನೀಡಿದಳು. ನಾನು ಗಂಗಾಳ ಮುಂದೆ ಚಾಚಿದೆ.

ಸ್ಟುಡಿಯೋದ ಅಣ್ಣನಿಗೆ ನಾನು ಉಪಕಾರವಾಯಿತು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ಕೊಟ್ಟೆ. ಆಮೇಲೆ ಸಿಂದಗಿಗೆ ಹೋದಾಗಲೆಲ್ಲ ಬಾಗಿಲಲ್ಲಿ ನಿಂತು ಮಾತಾಡಿಸಿ ಬರುತ್ತಿದ್ದೆ. ನೀವಿಬ್ಬರೂ ಹುಟ್ಟಿದಾಗ ಪೇಡೆ ಒಯ್ದಿದ್ದೆ. ಕಾಲ ಕಳೆದು ಕ್ಯಾಸೆಟ್ಟು ತರುವವರು ನಿಂತರು, ಡಿಸ್ಕೂ ನಿಂತಿತು. ಅವರು ಫೋಟೋ ಒಂದನ್ನೇ ಮಾಡುತ್ತ ಕೂತರು.

ಅವರು ತೀರಿದ ಸುದ್ದಿ ನನಗೆ ತಡವಾಗಿ ಬಂತು. ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಎಂದೂ ನೋಡಿರಲಿಲ್ಲ. ಊರ ಹೆಸರು ಹೇಳಿದ ಕೂಡಲೇ ಕೈ ಹಿಡಿದುಕೊಂಡರು.

“ನೀನ ಏನು ಆ ನೀಲಿ ನೋಡಿದ ಕನ್ನೊಳ್ಳಿ ತಂಗಿ? ಅವತ್ತ ಮುಂಜಾನಿ ಇವರು ರೊಟ್ಟಿ ಮುಟ್ಟಲಿಲ್ಲವಾ. ಯಾಕಂತ ಕೇಳಿದ್ರ, ‘ಎದ್ದ ಕೂಡ್ಲೆ ಅಂಗಡಿಗಿ ಹೋಗಿ ಕಡೀತನಾ ನೋಡಿ ಬಂದೇನಿ, ಒಂದ ಚಿತ್ರಾನೂ ಇಲ್ಲ. ಹನ್ನೊಂದಕ್ಕ ಅಕಿ ಬರ್ತಾಳ’ ಅಂದ್ರು. ‘ಬಂದಾಗ ಇಲ್ಲಂತ ಹೇಳಿ ಕಳಸ್ರಿ’ ಅಂದೆ. ‘ಇಲ್ಲ ಅಂತ ಇನ್ನೊಬ್ಬರ ಬಾಯಿಂದ ಕೇಳಿದ್ರ ಅದು ಮುಗಿಯೂದಿಲ್ಲ. ಅಕಿ ತಾನ ನೋಡ್ಲಿ. ಜೋಡಿ ನಾ ಕುಂದರ್ತೇನಿ’ ಅಂತ ಎದ್ದು ಹೋದ್ರು.”

ನನಗೆ ಅಲ್ಲಿ ಅಳು ಬರಲಿಲ್ಲ. ಬಸ್ಸಿನಲ್ಲಿ ಬಂತು. ಏನೂ ಇಲ್ಲ ಎಂದು ಗೊತ್ತಿದ್ದೂ ಆ ಮನುಷ್ಯ ಕೆಲಸ ಬಿಟ್ಟು, ಗಿರಾಕಿಗಳನ್ನು ತಿರುಗಿಸಿ ಕಳಿಸಿ, ಒಂದೂಕಾಲು ತಾಸು ಎರಡನೆಯ ಸಲ ನೀಲಿ ನೋಡುತ್ತ ನನ್ನ ಪಕ್ಕ ಕೂತಿದ್ದರು. ನಿಮ್ಮ ಅಜ್ಜ ವಿಜಯಪುರದ ದವಾಖಾನೆಯಲ್ಲಿ ಹೋದಾಗ ಕೂಸಿನ ತಾಯಿ ಎಂದು ನನ್ನನ್ನು ಅಲ್ಲಿಗೆ ಒಯ್ಯಲಿಲ್ಲ. ನಾಲ್ಕು ಮಂದಿ ಬಂದು ಇಲ್ಲ ಎಂದು ಹೇಳಿದರು. ಅದನ್ನು ನಾನು ಅಣ್ಣನಿಗೆ ಎಂದೂ ಹೇಳಿರಲಿಲ್ಲ. ಹೇಳದೆಯೇ ಅವರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಈ ಋಣ ತೀರಿಸಲು ನನ್ನಲ್ಲಿ ಬೇರೇನೂ ಇರಲಿಲ್ಲ. ಅದಕ್ಕೇ ಬರೆದಿದ್ದೇನೆ.

ಡಿಸ್ಕು ನಿಮ್ಮ ಅವ್ವನ ಹತ್ತಿರ ಇದೆ. ಅದನ್ನು ನಡೆಸುವ ಯಂತ್ರ ಈಗ ನಿಮ್ಮ ಮನೆಯಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಈ ಹಾಳೆಗಳನ್ನು ನನ್ನ ಟ್ರಂಕಿನ ತಳಕ್ಕೆ, ಇಳಕಲ್ ಸೀರೆಯ ಮಡಿಕೆಯಲ್ಲಿ ಇಟ್ಟಿರುತ್ತೇನೆ. ನಾನು ಹೋದ ಮೇಲೆ ಸೀರೆಯನ್ನು ಯಾರು ಬೇಕಾದರೂ ಉಟ್ಟುಕೊಳ್ಳಿ. ಹಾಳೆಗಳನ್ನು ಮಾತ್ರ ನೀವಿಬ್ಬರು ತೆಗೆದುಕೊಂಡು, ತೇವ ತಾಗದ ಕಡೆ ಕಟ್ಟಿಡಿ.